ಗಿಡ್ಡಿಯ ಮೆಲುಕು

"ಕೇಳಿದವರಿಗೆ ಇಲ್ಲ ಅನ್ನೋದಿಲ್ಲ ಅಮ್ಮ. ಇದು ನನ್ನ ಮಾತು."

ದನದ ಡಾಕ್ಟರ್ ಶಿವಸ್ವಾಮಿ ಹೀಗೆ ಹೇಳಿದಾಗ ಅವರ ಒಂದು ಕೈ ಗಿಡ್ಡಿ ಎಂಬ ಎಮ್ಮೆಯ ಬೆನ್ನ ಮೇಲಿತ್ತು, ಇನ್ನೊಂದರಲ್ಲಿ ಗಾಜಿನ ಸೀಸೆಯಿತ್ತು. ಸೀಸೆಯೊಳಗೆ ಹುಸೇನಮ್ಮ ಆಗಷ್ಟೇ ಎಮ್ಮೆಯ ಬಾಯಿಂದ ತೆಗೆದುಕೊಟ್ಟ ಒಂದು ಹಿಡಿ ಮೆಲುಕು. ಇನ್ನೂ ಬೆಚ್ಚಗೆ, ನೊರೆ ನೊರೆಯಾಗಿ, ಡಾಂಬರಿನಂತೆ ಕಪ್ಪಗೆ. ಜೈನಾಬಿ ಆಗ ಆ ಮನೆಯ ಹೊಸ ಸೊಸೆ. ಗೋಡೆಗೆ ಒರಗಿ ನಿಂತು, ಪ್ಯಾಂಟು ಹಾಕಿಕೊಂಡ ಇಷ್ಟು ದೊಡ್ಡ ಮನುಷ್ಯ ಎಮ್ಮೆಯ ಎಂಜಲಿಗಾಗಿ ಅತ್ತೆಯ ಮುಂದೆ ಕೈಯೊಡ್ಡಿದ್ದನ್ನು ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡಿದ್ದಳು.

ಹುಸೇನಮ್ಮ ಮಾತ್ರ ನಗಲಿಲ್ಲ. ಆಕೆಗೆ ಅದು ನಗುವ ಸಂಗತಿಯಾಗಿರಲಿಲ್ಲ.

ಹಿರೇಬೂದೂರು ರಾಯಚೂರು ಸೀಮೆಯ ಎರೆಹೊಲಗಳ ಊರು. ಹತ್ತಿ ಬೆಳೆಯುವವರು, ಹತ್ತಿ ಬಿಡಿಸುವವರು, ಹುಸೇನಮ್ಮನ ಮನೆಯವರಂತೆ ಹಿಂದೆ ಹತ್ತಿ ಹಿಂಜುತ್ತಿದ್ದವರು, ಎಲ್ಲರೂ ಎರಡೋ ಮೂರೋ ಎಮ್ಮೆ ಕಟ್ಟಿಕೊಂಡೇ ಬದುಕಿದವರು. ಆ ಊರಲ್ಲಿ ಒಂದು ರೂಢಿಯಿತ್ತು. ಯಾರದಾದರೂ ದನ ಮೇವು ಬಿಟ್ಟು, ಮೆಲುಕು ಹಾಕುವುದು ನಿಲ್ಲಿಸಿ, ಕಣ್ಣು ಇಳಿಬಿಟ್ಟುಕೊಂಡು ನಿಂತರೆ, ಮನೆಯವರು ಒದ್ದೆ ಬಟ್ಟೆಯೊಂದನ್ನು ಹಿಡಿದುಕೊಂಡು ಗಟ್ಟಿ ದನವಿರುವ ಮನೆಯ ಬಾಗಿಲಿಗೆ ಬರುವರು. ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ, ಬಟ್ಟೆಯೇ ಕೇಳುತ್ತಿತ್ತು. ಆ ಮನೆಯವರು ತಮ್ಮ ದನದ ದವಡೆಯೊಳಗೆ ಕೈ ಹಾಕಿ, ಆಗತಾನೆ ಮೇಲೆ ಬಂದ ಮೆಲುಕನ್ನು ಹಿಡಿದು ಬಟ್ಟೆಗೆ ಹಾಕುವರು. ಅದನ್ನು ಒಯ್ದು ಬಿದ್ದ ದನದ ಬಾಯಿಗೆ ತುರುಕಿದರೆ ಸಂಜೆಯೊಳಗೆ ಅದು ಮತ್ತೆ ದವಡೆ ಆಡಿಸುವುದು. ಇದಕ್ಕೆ ಬೆಲೆಯಿಲ್ಲ, ಋಣವಿಲ್ಲ, ಜಾತಿಯಿಲ್ಲ. ಇಲ್ಲ ಅನ್ನುವಂತಿಲ್ಲ. ಜೊತೆಗೆ ಒಂದು ನಂಬಿಕೆ: ಕೊಡುವವರು ಒಳಗೊಳಗೇ ಹೊಟ್ಟೆಕಿಚ್ಚು ಪಟ್ಟು ಕೊಟ್ಟರೆ ಆ ಮೆಲುಕು ಹತ್ತುವುದಿಲ್ಲ.

ಗಿಡ್ಡಿಗೊಂದು ಕೆಟ್ಟ ಚಾಳಿಯಿತ್ತು. ಒಲೆಗೆಂದು ಒಟ್ಟಿದ ಹತ್ತಿಕಟ್ಟಿಗೆಯ ರಾಶಿಗೆ ಬಾಯಿ ಹಾಕುವುದು. ಬೇರೆ ದನ ಮೂಸಿಯೂ ನೋಡದ, ಬೆರಳು ದಪ್ಪದ ಒಣ ಕಡ್ಡಿಗಳನ್ನು ಕಟಕಟ ಕಡಿದು ನುಂಗುತ್ತಿತ್ತು. "ಏನವಾ ಹುಸೇನಿ, ನಿಮ್ಮ ಎಮ್ಮಿಗೂ ನಿಮ್ಮ ಒಲಿಗೂ ಏನ್ ಫರಕು ಉಳೀತು?" ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಕಟ್ಟಿಗೆ ತಿಂದೂ ಗಿಡ್ಡಿ ಗುಂಡಗೆ ಮಿಂಚುತ್ತಿತ್ತು. ಸುಗ್ಗಿ ಮುಗಿದ ಮೇಲೆ ಹೊಲಗಳಲ್ಲಿ ಬೆಟ್ಟದಂತೆ ಒಟ್ಟಿ ಸುಡುವ ಹತ್ತಿಕಟ್ಟಿಗೆಗೆ ಬೇರೆ ಉಪಯೋಗ ಉಂಟೇ ಎಂದು ಊರೂರು ತಿರುಗುತ್ತಿದ್ದ ಡಾಕ್ಟರರ ಕಣ್ಣಿಗೆ ಅದು ಬಿತ್ತು.

ಅವರು ಜೈನಾಬಿಗೆ ಆಮೇಲೆ ಬಿಡಿಸಿ ಹೇಳಿದ್ದರು. ದನ ತಾನೇ ಮೇವು ಅರಗಿಸುವುದಿಲ್ಲ. ಅದರ ಹೊಟ್ಟೆಯ ಮೊದಲ ಚೀಲದಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳಿವೆ. ಅವು ಹುಲ್ಲನ್ನು ಹುಳಿಯಿಸುತ್ತವೆ, ದನ ಆ ಹುಳಿಯಿಂದ ಬದುಕುತ್ತದೆ. ಹತ್ತಿಕಟ್ಟಿಗೆಯನ್ನು ಗಟ್ಟಿ ಮಾಡುವ ಅಂಟನ್ನು ಆ ಜೀವಿಗಳು ಮುರಿಯಲಾರವು. ಗಿಡದೊಳಗಿನ ಹಳದಿ ವಿಷವೂ ಅವಕ್ಕೆ ಆಗದು. ಗಿಡ್ಡಿಯ ಹೊಟ್ಟೆಯಲ್ಲಿ ಮಾತ್ರ, ಎಲ್ಲಿಂದ ಬಂತೋ, ಆ ಅಂಟನ್ನೂ ವಿಷವನ್ನೂ ಎರಡನ್ನೂ ಉಣ್ಣುವ ಜೀವಿಯೊಂದು ನೆಲೆಸಿತ್ತು. ಮೆಲುಕಿನ ಕಪ್ಪು ಬಣ್ಣ ಅದರದೇ.

ಆ ಸೀಸೆಯಿಂದ ಹೊಸ ಕಾಲವೇ ಬಂತು. ಊರಾಚೆ ಕಂಪನಿಯೊಂದರ ಮೇವಿನ ಕೇಂದ್ರ ಎದ್ದಿತು, ಗಿಡ್ಡಿಯ ಜೀವಿಯನ್ನು ಅಲ್ಲಿ ಬೆಳೆಸಿ ಕೇಂದ್ರದ ಕೋಣಗಳಿಗೆ ಕುಡಿಸಿದರು. ಹತ್ತಿಕಟ್ಟಿಗೆಗೆ ಬೆಂಕಿ ಇಡುವುದು ನಿಂತಿತು. ಜೈನಾಬಿಯ ಗಂಡ ದಾದಾಪೀರ ಕಡ್ಡಿ ಪುಡಿಮಾಡುವ ಯಂತ್ರದ ಮೇಲೆ ಕೂತು ಹೊಲದಿಂದ ಹೊಲಕ್ಕೆ ಹೋಗತೊಡಗಿದ. ಮಾಂಸಕ್ಕೆಂದು ಕೋಣ ಕೊಬ್ಬಿಸುವುದು ದೊಡ್ಡ ಕಸುಬಾಯಿತು. ಮೊದಲೆಲ್ಲ ಎಮ್ಮೆ ಗಂಡು ಕರು ಹಾಕಿದರೆ ಹಾಲು ಬಿಡದೆ ಒಣಗಿಸಿ ಸಾಯಲು ಬಿಡುತ್ತಿದ್ದ ಊರು ಅದು. ಈಗ ಗಂಡು ಕರು ಹುಟ್ಟಿದರೆ ಸಕ್ಕರೆ ಹಂಚುವರು. ಕೇಂದ್ರ ಕರು ಕೊಡುವುದು, ಊರವರು ಕಟ್ಟಿಗೆಪುಡಿ ಹಾಕಿ ಬೆಳೆಸುವುದು, ಮೈ ತುಂಬಿದ ಮೇಲೆ ಲಾರಿ ಬಂದು ಕಸಾಯಿಖಾನೆಗೆ ಒಯ್ಯುವುದು, ಮಾಂಸ ಹಡಗು ಹತ್ತುವುದು. ಹುಸೇನಮ್ಮ ಲಾರಿ ಬರುವ ದಿನ ಒಳಗೇ ಕೂತಿರುತ್ತಿದ್ದಳು, ಆದರೆ ಕಸುಬನ್ನು ಬೈಯುತ್ತಿರಲಿಲ್ಲ. "ಹಸಕೊಂಡು ಸಾಯೋದಕ್ಕಿಂತ ಉಂಡು ಸಾಯ್ತಾವಲ್ಲ," ಎನ್ನುತ್ತಿದ್ದಳು.

ಮೇವಿಗೆಂದು ಜೋಳ ಬಿತ್ತುವವರು ಕಡಿಮೆಯಾದರು. ಆಮೇಲೆ ಇಲ್ಲವೇ ಆದರು. ಜೋಳದ ಒಣದಂಟು, ಅಂದರೆ ಕಣಿಕೆ, ಬಣವೆ ಒಟ್ಟುತ್ತಿದ್ದ ಜಾಗದಲ್ಲೂ ಹತ್ತಿ ನಿಂತಿತು. ಕಟ್ಟಿಗೆಯೇ ಮೇವಾದ ಮೇಲೆ ಮೇವು ಯಾಕೆ ಬೆಳೆಯಬೇಕು?

ಗಿಡ್ಡಿ ಮುದಿಯಾಗಿ ಸತ್ತಿತು. ಅದರ ಮಗಳು ಚಂದ್ರಿ, ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಎಮ್ಮೆ, ತಾಯಿಯ ಜಾಗಕ್ಕೆ ಬಂತು. ಊರಲ್ಲಿ ಯಾರಿಗೆ ಮೆಲುಕು ಬೇಕಾದರೂ ಒದ್ದೆ ಬಟ್ಟೆ ಹುಸೇನಮ್ಮನ ಬಾಗಿಲಿಗೇ ಬರುತ್ತಿತ್ತು. ಚಂದ್ರಿಯ ದವಡೆಯಿಂದಲೇ ಮೆಲುಕು ಹೋಗುತ್ತಿತ್ತು.

*

ಕೇಂದ್ರದ ನಿಗಾ ಕೋಣೆಯಲ್ಲಿ ಜೈನಾಬಿಗೆ ಕೆಲಸ ಕೊಡಿಸಿದ್ದು ಡಾಕ್ಟರರೇ. ಗೋಡೆ ತುಂಬ ಪರದೆ, ಪರದೆ ತುಂಬ ಹಸಿರು ಚುಕ್ಕಿ. ಒಂದೊಂದು ಚುಕ್ಕಿ ಒಂದೊಂದು ಕೋಣ. ಕೇಂದ್ರದ ಕೋಣಗಳಿಗೆಲ್ಲ ಹೆಬ್ಬೆರಳಿನಷ್ಟು ಉದ್ದದ ಒಂದು ಗುಂಡು ನುಂಗಿಸಿರುತ್ತಾರೆ. ಅದು ಹೊಟ್ಟೆಯ ತಳದಲ್ಲಿ ಕೂತು ಒಳಗಿನ ಬಿಸಿ, ಹುಳಿ, ಹೊಟ್ಟೆ ಕುಲುಕುವ ಹದ ಎಲ್ಲವನ್ನೂ ಕೇಂದ್ರಕ್ಕೆ ಕಳಿಸುತ್ತಿರುತ್ತದೆ. ಚುಕ್ಕಿ ಹಳದಿಯಾದರೆ ಜೈನಾಬಿ ಯಜಮಾನರಿಗೆ ಫೋನು ಹಚ್ಚಬೇಕು.

"ಅಣ್ಣಾ, ನಿಮ್ಮ ಸಣ್ಣ ಕೋಣ ಮುಂಜಾನಿಂದ ಮೆಲಕು ಹಾಕವಲ್ದು, ನೋಡ್ರಿ."

"ಅಯ್ಯ! ನಾ ಅದರ ಬಾಜೂಕ ಬೀಡಿ ಸೇದಕೋತ ಕುಂತೀನಿ, ನನಗ ಗೊತ್ತಿಲ್ಲ. ನಿನಗ ಹೆಂಗ ಗೊತ್ತಾತವಾ?"

"ನಾ ಅದರ ಹೊಟ್ಟ್ಯಾಗ ಕುಂತೀನಲ್ರಿ."

"ಹಂಗಾರ ಒಳಗ ಏನೇನೈತಿ ನೋಡು. ನಮ್ಮಕಿದು ಬೆಳ್ಳಿ ಕಾಲುಂಗುರ ಕಳದಾವ."

ಮನೆಗೆಲಸ ಮುಗಿಸಿ, ಮಗಳ ಜಡೆ ಹೆಣೆದು, ಓಡೋಡಿ ಬಂದು ಕೂತವಳಿಗೆ ಇಂಥ ಮಾತುಗಳೇ ವಿಶ್ರಾಂತಿ. ಮಧ್ಯಾಹ್ನ ಡಾಕ್ಟರರು ತಮ್ಮ ಚಹಾದ ಲೋಟ ಹಿಡಿದುಕೊಂಡು ಬಂದು ಪರದೆಯ ಮುಂದೆ ನಿಲ್ಲುವರು. ಮೈಸೂರು ಕಡೆಯವರು, ಇಷ್ಟು ವರ್ಷವಾದರೂ ನಾಲಿಗೆ ಬದಲಾಗಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಕೇಳಿದರು:

"ಜೈನಾಬಿ, ಗುಂಡು ನುಂಗಿಸದೇ ಇರೋ ಕೋಣಗಳೂ ನಿಮ್ಮ ಊರಲ್ಲಿ ಕಡ್ಡಿ ತಿಂದೇ ದಪ್ಪ ಆಗ್ತಿವೆಯಲ್ಲ, ಹೇಗೆ? ನಾವಂತೂ ಅವಕ್ಕೆ ಏನೂ ಕೊಟ್ಟಿಲ್ಲ."

ಜೈನಾಬಿ ಹೆಮ್ಮೆಯಿಂದ ನಕ್ಕಳು. "ನೀವ್ಯಾಕ ಕೊಡಬೇಕ್ರಿ ಸರ್? ನಮ್ಮತ್ತಿ ಕೊಡ್ತಾಳ." ಒದ್ದೆ ಬಟ್ಟೆಯ ರೂಢಿಯನ್ನೂ, ಹಸನಾದ ಮನಸಿನಿಂದ ಕೊಡಬೇಕೆಂಬ ನಂಬಿಕೆಯನ್ನೂ, ಈಗ ಸುತ್ತಲ ಹಳ್ಳಿಗಳಿಂದಲೂ ಜನ ಬರುವುದನ್ನೂ ಕೈ ಆಡಿಸಿ ಆಡಿಸಿ ಹೇಳಿದಳು. ಬಟ್ಟೆ ಯಾಕೆ ಒದ್ದೆ ಇರಬೇಕು ಎಂದು ಡಾಕ್ಟರರು ಕೇಳಿದರು. ಒಣಗಿದರೆ ಮೆಲುಕು ಸಾಯುತ್ತದೆ ಎಂದಳು. ಅವರು ಲೋಟದಲ್ಲಿ ಚಹಾ ಕೆನೆಗಟ್ಟುವ ತನಕ ಹಸಿರು ಚುಕ್ಕಿಗಳನ್ನೇ ನೋಡುತ್ತ ನಿಂತಿದ್ದರು.

ಮುಂದಿನ ಸುಗ್ಗಿಗೆ ಹೊಸ ಗುಂಡು ಬಂತು. ಪುಕ್ಕಟೆ. ಹಳೆಯದಕ್ಕಿಂತ ಬೇಗ ಮೈ ತುಂಬುತ್ತದೆಂದು ಡಂಗುರ ಸಾರಿದರು, ಬುಂದೆಲಾಡು ಹಂಚಿದರು. ಊರಲ್ಲಿ ಮೊದಲ ಗುಂಡನ್ನು ಡಾಕ್ಟರರೇ ಹುಸೇನಮ್ಮನ ಮನೆಗೆ ಬಂದು, ಉದ್ದ ಕೊಳವೆಯಿಂದ ಅವಳ ದೊಡ್ಡ ಕೋಣಕ್ಕೆ ನುಂಗಿಸಿದರು. ಆಮೇಲೆ ಉಳಿದ ಎರಡಕ್ಕೂ. ಹುಸೇನಮ್ಮ ಅವರನ್ನು ಹಾಗೇ ಬಿಡಲಿಲ್ಲ. ಸಜ್ಜೆರೊಟ್ಟಿ, ಗುರೆಳ್ಳು ಪುಡಿ, ಚಂದ್ರಿಯ ಹಾಲಿನ ಗಟ್ಟಿ ಮೊಸರು ಬಡಿಸಿದಳು. ಡಾಕ್ಟರರು ಯಾವತ್ತೂ ಎರಡನೆಯ ಸಲ ಮೊಸರು ಕೇಳುವವರು, ಅಂದು ಕೇಳಲಿಲ್ಲ.

"ಯಾಕ್ರೀ ಡಾಕ್ಟರ್, ಮೈಯಾಗ ಹುಷಾರಿಲ್ಲೇನು?"

"ಬಿಸಿಲು ಅಮ್ಮ," ಅಂದರು.

ಪಕ್ಕದ ಮನೆಯ ದುರುಗಮ್ಮ ಮಾತ್ರ ಗುಂಡು ಒಲ್ಲೆನೆಂದಳು. ಅವಳು ಹಿಂದೆಯೂ ನುಂಗಿಸಿರಲಿಲ್ಲ. ಗುಂಡು ನುಂಗಿದ ಕೋಣವನ್ನು ಕೇಂದ್ರಕ್ಕೇ ಕೊಡಬೇಕು. ದುರುಗಮ್ಮನಿಗೆ ತನ್ನ ಕೋಣವನ್ನು ತನಗೆ ಬೇಕಾದ ಸಂತೆಗೆ ಹೊಡೆದುಕೊಂಡು ಹೋಗುವುದೇ ಸೈ. "ನನ್ನ ದನದ ಹೊಟ್ಟ್ಯಾಗ ಮಂದಿ ಕುಂದ್ರೋದು ಬ್ಯಾಡವಾ," ಎಂದು ಜೈನಾಬಿಯ ಗಲ್ಲ ಹಿಂಡಿ ಹೇಳಿದ್ದಳು. ಅವಳದೊಂದು ಕೋಣ, ಒಂದು ಕರೆಯುವ ಎಮ್ಮೆ. ಇಬ್ಬರ ಮನೆಗಳ ನಡುವೆ ಎದೆಯೆತ್ತರದ ಒಂದೇ ಗೋಡೆ. ಅದರ ಮೇಲಿಂದ ಕೆಂಡ, ಹೆಪ್ಪು, ಬೈಗುಳ, ಹಬ್ಬದ ಹೋಳಿಗೆ, ಎಲ್ಲವೂ ಅತ್ತಿಂದಿತ್ತ ಇತ್ತಿಂದತ್ತ ದಾಟುತ್ತಿದ್ದವು. ಜೈನಾಬಿಯ ಮಗಳು ಹುಟ್ಟಿದ ದಿನ ಬಿಸಿನೀರು ಕಾಯಿಸಿದವಳು ದುರುಗಮ್ಮ. ಹಾಲು ಬರದಿದ್ದಾಗ ಆ ಕೂಸು ಬೆಳೆದದ್ದು ದುರುಗಮ್ಮನ ಎಮ್ಮೆಯ ಹಾಲಿನಿಂದ.

*

ಹತ್ತಿ ಬಿಡಿಸುವ ಹೊತ್ತಿಗೆ ದುರುಗಮ್ಮನ ಕೋಣಕ್ಕೆ ಚಳಿ ಬಡಿದು ಮೇವು ಬಿಟ್ಟಿತು. ದೊಡ್ಡ ರೋಗವೇನಲ್ಲ. ಅವಳು ಬಟ್ಟೆ ಒದ್ದೆ ಮಾಡಿಕೊಂಡು ಬಂದಳು. ಹುಸೇನಮ್ಮ ಚಂದ್ರಿಯ ಬಾಯಿಗೆ ಕೈ ಹಾಕಿ, ಒಂದು ಹಿಡಿಗೆ ಇನ್ನೊಂದು ಹಿಡಿ ಸೇರಿಸಿ ಕೊಟ್ಟಳು. ಕೋಣ ಎದ್ದಿತು. ಹಬ್ಬ ಬಂದಂತಾಯಿತು ದುರುಗಮ್ಮನಿಗೆ. ಎರಡು ದಿನ ಕಳೆದು ಮತ್ತೆ ಬಿತ್ತು. ಮತ್ತೆ ಬಟ್ಟೆ, ಮತ್ತೆ ಮೆಲುಕು. ಈ ಸಲ ಎದ್ದದ್ದು ಒಂದೇ ದಿನ. ಮೂರನೆಯ ಸಲ ಏಳಲೇ ಇಲ್ಲ. ತಿನ್ನುವುದೇನೋ ತಿನ್ನುತ್ತಿತ್ತು, ಆದರೆ ಪಕ್ಕೆಲುಬು ಒಂದೊಂದಾಗಿ ಹೊರಗೆ ಬಂದವು, ಹೊಟ್ಟೆ ಮಾತ್ರ ಹಲಗೆಯಂತೆ ಬಿಗಿದುಕೊಂಡಿತು. ಸತ್ತ ಮೇಲೆ ತೊಗಲು ಬಿಚ್ಚಲು ಬಂದವರು ಹೊಟ್ಟೆ ಸೀಳಿದರೆ, ಒಳಗೆ ಹತ್ತಿಕಡ್ಡಿಯ ಚೂರುಗಳು ಹಾಕಿದ್ದು ಹಾಕಿದ ಹಾಗೇ ಇದ್ದವು. ಒಂದು ಎಳೆಯೂ ಕರಗಿರಲಿಲ್ಲ. ತುಂಬಿದ ಹೊಟ್ಟೆಯಲ್ಲಿ ಹಸಿದು ಸತ್ತಿತ್ತು ಕೋಣ.

ಆವತ್ತು ಗೋಡೆಯ ಆಚೆಯಿಂದ ದುರುಗಮ್ಮನ ದನಿ ಬಂತು. ಬೈಗುಳವಾಗಿದ್ದರೆ ಹುಸೇನಮ್ಮ ತಡೆದುಕೊಳ್ಳುತ್ತಿದ್ದಳು.

"ಹುಸೇನಕ್ಕ. ಮನಸಿಟ್ಟ ಕೊಟ್ಟಿದ್ದೇನು?"

"ದುರುಗೀ, ಏನ್ ಮಾತಂತ ಆಡ್ತಿ?"

"ಕೇಳಿದೆ ಅಷ್ಟ. ನಿನ್ನ ಮೂರು ಕೋಣ ಗುಂಡು ನುಂಗಿ ಮಿಂಚಕತ್ತಾವ. ನಂದೊಂದು ನುಂಗಲಿಲ್ಲಂತ ಏನರ ಮನಸಿನ್ಯಾಗ ಬಂದಿತ್ತೇನೋ ಅಂತ."

ಹುಸೇನಮ್ಮ ಗೋಡೆಯ ಹತ್ತಿರ ಹೋದಳು. ಆಚೆ ಯಾರೂ ಇರಲಿಲ್ಲ. ಅಂದಿನಿಂದ ಗೋಡೆಯ ಮೇಲಿಂದ ಏನೂ ದಾಟಲಿಲ್ಲ. ಓಣಿಯಲ್ಲಿ ಇನ್ನೂ ಇಬ್ಬರ ದನ ಅದೇ ರೀತಿ ಬಿದ್ದವು. ನೀರಿನ ನಲ್ಲಿಯ ಹತ್ತಿರ ಹುಸೇನಮ್ಮ ಹೋದರೆ ಮಾತು ನಿಲ್ಲತೊಡಗಿತು. ಕೈ ಕೆಟ್ಟಿದೆ ಎಂದರು ಕೆಲವರು. ಕೈಯಲ್ಲ, ಮನಸು ಎಂದರು ಉಳಿದವರು. ಜೀವಮಾನವಿಡೀ ಯಾರಿಗೂ ಇಲ್ಲ ಅನ್ನದ ಹೆಂಗಸು ಊಟದ ಮುಂದೆ ಕೂತು ತನ್ನ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುವುದನ್ನು ಜೈನಾಬಿ ಕಂಡಳು.

"ಜೈನಾ, ನನಗ ಗೊತ್ತಿಲ್ದಂಗ ನನ್ನೊಳಗ ಏನರ ಇತ್ತೇನ?" ಎಂದು ಕೇಳಿದಳು ಒಂದು ದಿನ.

ಜೈನಾಬಿ ಮರುದಿನ ಕೆಲಸಕ್ಕೆ ಹೋಗುವಾಗ ಚಂದ್ರಿಯ ಮೆಲುಕನ್ನು ಮಗಳ ನೀರಿನ ಬಾಟಲಿಯಲ್ಲಿ ತುಂಬಿಕೊಂಡು, ಹೊಟ್ಟೆಗೆ ಒತ್ತಿ ಹಿಡಿದು ಬೆಚ್ಚಗೆ ಒಯ್ದಳು.

*

ಡಾಕ್ಟರರು ಬಾಟಲಿಯನ್ನು ಬೇಡ ಅನ್ನಲಿಲ್ಲ. ಅದೊಂದು ಒಳ್ಳೆಯತನ ಅವರಲ್ಲಿ ಉಳಿದಿತ್ತು. ಒಂದು ತೊಟ್ಟನ್ನು ಗಾಜಿನ ಪಟ್ಟಿಗೆ ಹಚ್ಚಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಇಟ್ಟರು. ನೋಡಿದರು. ನೋಡುತ್ತಲೇ ಇದ್ದರು. ಬಾಗಿದ ತಲೆ ಎತ್ತದೆ ಹೇಳಿದರು:

"ಇದು ನಮ್ಮದು."

"ನಮ್ದು ಅಂದ್ರ ಯಾರ್ದ್ರೀ ಸರ್?"

"ಕೇಂದ್ರದ್ದು. ಹೊಸ ಗುಂಡಿನ ಜೊತೆ ಬಿಟ್ಟದ್ದು. ಗಿಡ್ಡಿಯದಲ್ಲ."

"ಚಂದ್ರಿಗೆ ನೀವು ಗುಂಡು ನುಂಗಿಸಿಲ್ಲಲ್ರಿ."

"ನಿಮ್ಮ ಕೋಣಗಳಿಗೆ ನುಂಗಿಸಿದ್ದೀನಲ್ಲ. ಒಂದೇ ಬಾನಿಯಲ್ಲಿ ನೀರು ಕುಡಿಯುತ್ತವೆ ತಾನೆ?"

ಜೈನಾಬಿ ಕೂರಲಿಲ್ಲ. ಅವರು ಎದ್ದು ಕುರ್ಚಿ ಸರಿಸಿದರೂ ಕೂರಲಿಲ್ಲ. ಅವರು ಮೇಜಿನ ಅಂಚು ಹಿಡಿದುಕೊಂಡು, ಪಾಠ ಒಪ್ಪಿಸುವವರ ಹಾಗೆ, ಒಂದೊಂದೇ ಹೇಳಿದರು. ಹೊಸ ಜೀವಿ ಗಿಡ್ಡಿಯದಕ್ಕಿಂತ ಚುರುಕು. ಆದರೆ ಅದು ಬದುಕಲು ಒಂದು ಉಪ್ಪು ಬೇಕು. ಆ ಉಪ್ಪು ಯಾವ ಮೇವಿನಲ್ಲೂ ಇಲ್ಲ, ಗುಂಡಿನಿಂದ ಮಾತ್ರ ತೊಟ್ಟು ತೊಟ್ಟಾಗಿ ಇಳಿಯುತ್ತದೆ. ಗುಂಡಿಲ್ಲದ ಹೊಟ್ಟೆಗೆ ಹೋದರೆ ಎರಡು ಮೂರು ದಿನದಲ್ಲಿ ಸಾಯುತ್ತದೆ. ಇಷ್ಟೇ ಆಗಿದ್ದರೆ ದುರುಗಮ್ಮನ ಕೋಣದೊಳಗೆ ಗಿಡ್ಡಿಯದು ಉಳಿದುಕೊಂಡು ಅದು ಬದುಕುತ್ತಿತ್ತು. ಆದರೆ ಹೊಸ ಜೀವಿ ಸಾಯುವ ಮೊದಲು ಹಳೆಯ ನೆಂಟರನ್ನು ಉಳಿಸುವುದಿಲ್ಲ. ಅವನ್ನು ಕೊಲ್ಲುವ ರಸವೊಂದನ್ನು ಬಿಡುತ್ತದೆ. ಹಾಗೆಂದೇ ಅದನ್ನು ಮಾಡಿರುವುದು.

"ಅಂದ್ರ ನಮ್ಮತ್ತಿ ಕೊಟ್ಟ ಮೆಲಕಿನಿಂದನ ಆ ಕೋಣ ಸತ್ತಿತು."

ಡಾಕ್ಟರರು ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದಡಿಯಿಂದ ತೆಗೆದಿಟ್ಟರು.

"ಮತ್ತ ಚಂದ್ರಿ ಹೆಂಗ ಬದುಕೈತ್ರಿ?"

"ಕೋಣಗಳ ಎಂಜಲು ನೀರಲ್ಲಿ ಆ ಉಪ್ಪು ಅಷ್ಟಿಷ್ಟು ಇರುತ್ತೆ. ಅದರಿಂದ. ಲಾರಿ ಬಂದು ಅವನ್ನ ಒಯ್ಯುವ ತನಕ."

ಕಿಟಕಿಯಾಚೆ ಯಂತ್ರವೊಂದು ಕಟ್ಟಿಗೆ ಪುಡಿ ಮಾಡುತ್ತಿತ್ತು. ಅದರ ಮೇಲೆ ದಾದಾಪೀರನೇ ಇರಬಹುದು.

"ಯಾಕ್ರೀ ಸರ್?"

"ಯಾವ ಕೋಣದ ಹೊಟ್ಟೆಯಲ್ಲಿ ಏನಿದೆ ಅಂತ ಪಕ್ಕಾ ತಿಳೀದಿದ್ರೆ ಹೊರದೇಶದವರು ಮಾಂಸ ತಗೊಳ್ಳಲ್ಲ ಅಂದರು ಮೇಲಿನವರು. ಕೈಯಿಂದ ಕೈಗೆ ಹೋಗೋದನ್ನ ನಿಲ್ಲಿಸೋ ದಾರಿ ಕೇಳಿದರು. ಗುಂಡಿಲ್ಲದೋರು ಹಳೇ ಮೇವಿಗೆ ವಾಪಸ್ ಹೋಗ್ತಾರೆ ಅಂದ್ಕೊಂಡೆ ನಾನು. ಸಾಯ್ತವೆ ಅಂತ ಅಂದ್ಕೊಂಡಿರಲಿಲ್ಲ."

"ಯಾವ ಹಳೇ ಮೇವ್ರಿ ಸರ್? ಕಣಿಕಿ ನೋಡಿ ಎಷ್ಟ ವರ್ಷಾತು ನಮ್ಮೂರಾಗ?"

ಜೈನಾಬಿಗೆ ಆಗ ಇನ್ನೊಂದು ಹೊಳೆಯಿತು.

"ಕೈಯಿಂದ ಕೈಗೆ ಹೋಗ್ತೈತಂತ ಮ್ಯಾಲಿನವರಿಗೆ ಹೆಂಗ ಗೊತ್ತಾತ್ರಿ?"

ಡಾಕ್ಟರರು ಮೊದಲ ಸಲ ಅವಳ ಮುಖ ನೋಡಿದರು. "ನೀನೇ ಹೇಳಿದ್ದೆಯಲ್ಲಮ್ಮ," ಅಂದರು, ಮೆತ್ತಗೆ.

ಕೆನೆಗಟ್ಟಿದ ಚಹಾ ಅವಳ ಕಣ್ಣ ಮುಂದೆ ಬಂತು. ಬಟ್ಟೆ ಯಾಕೆ ಒದ್ದೆ ಇರಬೇಕು ಎಂದು ಅವರು ಕೇಳಿದ್ದು ಬಂತು. ಎಷ್ಟು ಅಕ್ಕರೆಯಿಂದ ಕೇಳಿದ್ದರು! ತನ್ನ ಊರಿನ ಮಾತನ್ನು ಇಷ್ಟು ದೊಡ್ಡವರು ಇಷ್ಟು ಮನಸಿಟ್ಟು ಕೇಳುತ್ತಾರಲ್ಲ ಎಂದು ಅವತ್ತು ಮನೆಗೆ ಹೋಗಿ ಗಂಡನ ಮುಂದೆ ಕೊಚ್ಚಿಕೊಂಡಿದ್ದಳು.

"ಗಿಡ್ಡಿದು ಎಲ್ಲಿ ಐತ್ರಿ ಈಗ? ಆ ಸೀಸೆದು?"

"ಇಲ್ಲೇ, ಕೆಳಗೆ. ಹಿಮದ ಪೆಟ್ಟಿಗೆಯಲ್ಲಿ. ಜೀವಂತ ಇದೆ."

"ಕೊಡ್ರಿ."

"ನನ್ನ ಕೈಯಲ್ಲಿಲ್ಲ ಜೈನಾಬಿ. ಕೀಲಿ ಮೇಲಿನವರ ಹತ್ರ ಇದೆ."

"ಕೇಳಿದವರಿಗೆ ಇಲ್ಲ ಅನ್ನೋದಿಲ್ಲ ಅಂದಿದ್ರಿ. ನಾ ಅಲ್ಲೇ ಗ್ವಾಡಿಗೆ ಆತು ನಿಂತಿದ್ದೆ. ಕೇಳಿಸ್ಕೊಂಡೀನಿ."

"ಅಂದಿದ್ದೆ. ಆಗ ಅದು ನಿಜವೇ ಆಗಿತ್ತು. ನೋಡು, ಇದನ್ನ ನಾನು ಮಾಡದಿದ್ರೆ ಇನ್ನೊಬ್ಬರು ಮಾಡ್ತಿದ್ರು."

"ಮಾಡ್ಲಿ ಬಿಡ್ರಿ. ಇನ್ನೊಬ್ರು ಮಾಡಿದ್ರು ಅಂತ ನಮ್ಮತ್ತಿಗೆ ಹೇಳಬಹುದಿತ್ತು. ಈಗೇನ್ ಹೇಳ್ಲಿ? ನಿನ್ನ ಮೊಸರು ಉಂಡವರ ಮಾಡಿದ್ರು ಅಂತ ಹೇಳ್ಲೇನು?"

ಬಾಟಲಿಯಲ್ಲಿ ಉಳಿದ ಮೆಲುಕನ್ನು ಅವಳು ಅವರ ಮೇಜಿನ ಮೇಲೆಯೇ ಬಿಟ್ಟಳು. ಬಾಗಿಲ ತನಕ ಹೋಗಿ, ತಿರುಗಿ ಬಂದು, ಮಗಳ ಬಾಟಲಿಯೆಂದು ನೆನಪಾಗಿ, ಒಳಗಿದ್ದದ್ದನ್ನು ತೊಟ್ಟಿಗೆ ಸುರಿದು ಬಾಟಲಿ ತೆಗೆದುಕೊಂಡು ಹೋದಳು. ನಿಗಾ ಕೋಣೆಯಲ್ಲಿ ಕೂತು ಉಳಿದ ಪಾಳಿ ಮುಗಿಸಿದಳು. ಗೋಡೆಯ ಮೇಲೆ ಚುಕ್ಕಿಗಳೆಲ್ಲ ಹಸಿರಾಗಿದ್ದವು. ಗುಂಡಿಲ್ಲದ ದನಗಳಿಗೆ ಆ ಗೋಡೆಯ ಮೇಲೆ ಚುಕ್ಕಿಯೇ ಇರಲಿಲ್ಲ.

*

ರೊಟ್ಟಿ ಬಡಿಯುತ್ತ ಅತ್ತೆಗೆ ಎಲ್ಲ ಹೇಳಿದಳು. ಉಪ್ಪು, ರಸ, ಬಾನಿಯ ನೀರು, ಹಿಮದ ಪೆಟ್ಟಿಗೆ. ಹುಸೇನಮ್ಮ ಒಲೆಯ ಮುಂದೆ ಕಡ್ಡಿ ಮುರಿಯುತ್ತ ಕೇಳಿದಳು. ಕೊನೆಗೆ ಒಂದೇ ಕೇಳಿದಳು:

"ನಮ್ಮ ಪದ್ಧತಿ ಅವನಿಗೆ ಯಾರ ಹೇಳಿದ್ರು?"

"ನಾನ, ಅತ್ತಿ."

ಹುಸೇನಮ್ಮ ಮುರಿದ ಕಡ್ಡಿಯನ್ನು ಒಲೆಗೆ ಹಾಕಿದಳು. "ಸೀಸೆ ತುಂಬಿ ಕೊಟ್ಟಾಕಿ ನಾನು," ಅಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಜೈನಾಬಿಗೆ. ಇನ್ನೊಂದು ಕಡ್ಡಿ ಮುರಿದು ಹುಸೇನಮ್ಮನೇ ಅಂದಳು: "ನನ್ನ ಮನಸಿನ್ಯಾಗ ಏನೂ ಇರ್ಲಿಲ್ಲಂತ ಆತಲ್ಲ. ಅಷ್ಟ ಸಾಕು." ಆದರೆ ಆ ರಾತ್ರಿಯೂ ಆಕೆ ಉಣ್ಣಲಿಲ್ಲ.

ಜೈನಾಬಿ ದುರುಗಮ್ಮನ ಮನೆಗೆ ಹೋಗಿ ಹೇಳಿ ನೋಡಿದಳು. ದುರುಗಮ್ಮ ಹೊಸ್ತಿಲ ಮೇಲೆ ನಿಂತೇ ಕೇಳಿದಳು, ಒಳಗೆ ಕರೆಯಲಿಲ್ಲ. "ಉಪ್ಪಂತ, ರಸ ಅಂತ. ನೀ ಕಂಪನಿ ಕೂಳು ಉಣ್ಣಾಕಿ, ಅವರ ಮಾತ ಆಡ್ತಿ. ನಿಮ್ಮತ್ತಿ ಯಾಕ ಬರಲಿಲ್ಲ?" ಎಂದಳು. ಹುಸೇನಮ್ಮ ಯಾಕೆ ಬರಲಿಲ್ಲವೆಂದರೆ, ಬಂದು ಏನು ಹೇಳುವುದು? ನನ್ನ ಕೈಯಿಂದಲೇ ನಿನ್ನ ಕೋಣ ಸತ್ತಿತು ಎಂದೇ?

ಹೊಲಗಳಲ್ಲಿ ಹತ್ತಿ ಮುಗಿಯಿತು. ದಾದಾಪೀರ ಬಳ್ಳಾರಿ ಕಡೆ ಎಲ್ಲೋ ಕಣಿಕೆ ಸಿಗುತ್ತದೆಂದು ಕೇಳಿ ಹೋಗಿ, ಬರಿಗೈಯಲ್ಲಿ ಬಂದ. ಅಲ್ಲಿಯೂ ಕಟ್ಟಿಗೆಪುಡಿಯೇ. ಕರೆಯುವ ಎಮ್ಮೆಗಳಿಗಾದರೂ ಗುಂಡು ಕೊಡಿರೆಂದು ಜೈನಾಬಿ ಕೇಂದ್ರದಲ್ಲಿ ಕೇಳಿದಳು. ಗುಂಡು ಮಾಂಸದ ಕೋಣಕ್ಕೆ ಮಾತ್ರ, ಹಾಲಿನ ದನ ಕೇಂದ್ರದ ಬಾಬತ್ತಲ್ಲ ಅಂದರು. ಡಾಕ್ಟರ್ ಶಿವಸ್ವಾಮಿ ಆ ವಾರ ರಜೆಯಲ್ಲಿದ್ದರು. ಮುಂದಿನ ವಾರವೂ.

ಒಂದು ಮುಂಜಾನೆ ಜೈನಾಬಿ ಕೊಟ್ಟಿಗೆ ಬಳಿಯುತ್ತಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ದುರುಗಮ್ಮ. ಗೋಡೆಯ ಮೇಲಿಂದ ಕೂಗಲಿಲ್ಲ, ಓಣಿ ಸುತ್ತಿ, ಮುಂಬಾಗಿಲಿನಿಂದ ಬಂದಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ ನೀರು ತೊಟ್ಟಿಕ್ಕುತ್ತಿತ್ತು. ಆ ಹೆಂಗಸು ಇಷ್ಟು ದಿನದ ಸಿಟ್ಟನ್ನು ನುಂಗಿಕೊಂಡು ಬಂದದ್ದು ಅವಳ ಕುತ್ತಿಗೆಯ ನರಗಳಲ್ಲೇ ಕಾಣುತ್ತಿತ್ತು.

"ಎಮ್ಮಿ ಬಿದ್ದೈತಿ ಹುಸೇನಕ್ಕ," ಅಂದಳು. ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಆದರೂ ಹೇಳಿದಳು. ಬಿದ್ದದ್ದು ಸತ್ತ ಕೋಣದ ಬಾನಿಯಲ್ಲೇ ನೀರು ಕುಡಿಯುತ್ತಿದ್ದ ಕರೆಯುವ ಎಮ್ಮೆ. "ನಾ ಅಂದದ್ದೆಲ್ಲ ಮನಸಿನ್ಯಾಗ ಇಟಗೋಬ್ಯಾಡ. ಹಾಲು ಕುಡದ ಬಾಯಿ ನಿನ್ನ ಮೊಮ್ಮಗಳದೂ ಐತಿ."

ಹುಸೇನಮ್ಮ ಚಂದ್ರಿಯ ಪಕ್ಕದಲ್ಲಿದ್ದಳು. ದುರುಗಮ್ಮನ ಬಟ್ಟೆ ಕಂಡದ್ದೇ ಆಕೆಯ ಕೈ ತಾನಾಗಿ ಎದ್ದು ಎಮ್ಮೆಯ ದವಡೆಗೆ ಹೋಗಿತ್ತು. ಅಷ್ಟು ವರ್ಷಗಳ ರೂಢಿ ಅದು. ಮನಸನ್ನು ಕೇಳಿ ಹೋಗುವ ಕೈಯಲ್ಲ. ಚಂದ್ರಿಯೂ ಅಭ್ಯಾಸದಂತೆ ಬಾಯಿ ಸಡಿಲಿಸಿತು. ಗಂಟಲಲ್ಲಿ ಉಂಡೆಯೊಂದು ಮೇಲೇರಿ ಬರುವುದು ತೊಗಲಿನ ಮೇಲೆ ಕಂಡಿತು.

"ಅತ್ತಿ," ಎಂದಳು ಜೈನಾಬಿ. ಸಗಣಿ ಕೈಯಲ್ಲೇ ಎದ್ದು ಅತ್ತೆಯ ಮುಂಗೈ ಹಿಡಿದಳು.

ಹುಸೇನಮ್ಮ ಸೊಸೆಯ ಮುಖ ನೋಡಿದಳು. ಆಮೇಲೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಬಿಡು. ನನಗ ಗೊತ್ತೈತಿ," ಅಂದಳು. ಕೈಯನ್ನು ಚಂದ್ರಿಯ ಬಾಯಿಂದ ಹೊರಗೆ ತೆಗೆದಳು. ಬರಿದಾಗಿತ್ತು. ಅದನ್ನು ಸೀರೆಗೆ ಒರೆಸಿಕೊಂಡು, ಬಾಗಿಲ ತನಕ ನಡೆದು, ದುರುಗಮ್ಮನ ಎದುರು ನಿಂತಳು.

"ಕೊಟ್ಟರ ಸಾಯ್ತೈತಿ ದುರುಗೀ."

"ಕೊಡದಿದ್ರೂ ಸಾಯ್ತೈತಲ್ಲ ಅಕ್ಕ. ಕೊಟ್ಟು ನೋಡು."

"ನನ್ನ ಕೈಯಿಂದ ಬ್ಯಾಡ."

"ಹುಸೇನಕ್ಕ, ಬಟ್ಟಿ ತಂದೀನಿ."

"ಇಲ್ಲ," ಅಂದಳು ಹುಸೇನಮ್ಮ.

ದುರುಗಮ್ಮ ಅಲ್ಲೇ ನಿಂತಿದ್ದಳು. ಆ ಮಾತಿಗೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಆ ಊರಲ್ಲಿ ಯಾರಿಗೂ ತಿಳಿದಿರಲಿಲ್ಲ, ಯಾಕೆಂದರೆ ಯಾರೂ ಅದನ್ನು ಕೇಳಿರಲಿಲ್ಲ. ಆಮೇಲೆ ಅವಳು ಬಟ್ಟೆಯನ್ನು ಹೊಸ್ತಿಲ ಹೊರಗೆ ಹಿಂಡಿದಳು. ನೀರೆಲ್ಲ ಇಳಿದು ಬಟ್ಟೆ ಒಣಗುವ ಹಾಗೆ, ಎರಡು ಸಲ ಹಿಂಡಿ, ಕೊಡವಿ, ಹೆಗಲಿಗೆ ಹಾಕಿಕೊಂಡು ಹೋದಳು.

ಒಳಗೆ ಚಂದ್ರಿ ಮೇಲೆ ಬಂದ ಉಂಡೆಯನ್ನು ಅಗಿಯತೊಡಗಿತು. ಅದರಾಚೆ ಬಾನಿಯ ಮುಂದೆ ಮೂರು ಕೋಣ ಮೈ ಮಿಂಚಿಸಿಕೊಂಡು ನಿಂತಿದ್ದವು. ಅವನ್ನು ಒಯ್ಯುವ ಲಾರಿ ಬರುವುದು ಆ ಶುಕ್ರವಾರ.

ಕೇಳಿದವರಿಗೆ ಇಲ್ಲ ಅನ್ನುವುದಿಲ್ಲ ಎಂದು ಡಾಕ್ಟರ್ ಶಿವಸ್ವಾಮಿ ಮಾತು ಕೊಟ್ಟಿದ್ದರು. ಅವರು ಅದನ್ನು ಉಳಿಸಿಕೊಳ್ಳಲಿಲ್ಲ. ಇಲ್ಲ ಎಂದು ಹೇಳಿದವಳು ಹುಸೇನಮ್ಮ.